ಪ್ರಾಮ್‌ಟೇಲ್ ಬಿಟ್ಟು ಅಲಾಯ್‌ಗೆ ಹೋಗೋದು, ಓದಿದ ಗುರುತು ಕಳ್ಕೊಳ್ದೆ

ಪ್ರಾಮ್‌ಟೇಲ್, ಅಲಾಯ್ ಎರಡೂ ಗ್ರಾಫಾನಾ ಕಂಪನಿಯ ಟೂಲು, ಲಾಗ್ ಫೈಲು (ಪ್ರೋಗ್ರಾಮುಗಳು ಏನಾಯ್ತು ಅಂತ ಸಾಲು ಸಾಲಾಗಿ ಬರ್ದಿಡೋದು) ಓದಿ ಲೋಕಿ ಅನ್ನೋ ಲಾಗ್ ಕೂಡಿಡೋ ಸರ್ವರಿಗೆ ಕಳಿಸೋದು ಇವುಗಳ ಕೆಲ್ಸ, ಹಳೇದು ಪ್ರಾಮ್‌ಟೇಲ್, ಹೊಸದು ಅಲಾಯ್. ಮೊದ್ಲೇ ಹೇಳ್ಬಿಡ್ತೀನಿ, ಹಳೇದು ಬಿಟ್ಟು ಹೊಸದಕ್ಕೆ ಹೋಗೋ ಈ ಕೆಲ್ಸದಲ್ಲಿ ಕಾನ್ಫಿಗ್ ಫೈಲ್ ಬದಲಾಯ್ಸೋದು ಅತೀ ಸಸಾರದ್ದು, ಅದಕ್ಕೊಂದು ಟೂಲೇ ಇದೆ, ಹತ್ತು ನಿಮಿಷ ಸಾಕು. ತಲೆ ತಿನ್ನೋದು ಬೇರೆ. ಅಜ್ಜ ಪುರಾಣ ಓದ್ವಾಗ ಎದ್ದು ಹೋಗೋ ಮುಂಚೆ ಪುಸ್ತಕದ ಮಧ್ಯೆ ನವಿಲುಗರಿ ಇಡ್ತಿದ್ದ ನೋಡಿ, ಹಂಗೇ ಈ ಲಾಗ್ ಕಳಿಸೋ ಟೂಲುಗಳೂ ಪ್ರತಿ ಫೈಲನ್ನ ಎಲ್ಲೀವರೆಗೆ ಓದಾಯ್ತು ಅಂತ ಒಂದು ಗುರುತು ಇಟ್ಕೊಂಡಿರತ್ವೆ, ಆ ಗುರುತನ್ನ ಹೊಸದರ ಕೈಗೆ ಸರಿಯಾಗಿ ಕೊಡ್ಲಿಲ್ಲ ಅಂದ್ರೆ ಒಂದೋ ಮಧ್ಯದ ಲಾಗ್ ಮಾಯ, ಇಲ್ಲಾ ಹೋದ ವಾರದ್ದೆಲ್ಲ ಇವತ್ತಿಂದು ಅನ್ನೋ ವೇಷದಲ್ಲಿ ವಾಪಸ್ ಬರತ್ತೆ. ನಂಗೆ ಎರಡನೇದು ಆಯ್ತು, ಕೆಳಗೆ ಹೇಳ್ತೀನಿ.

ನಮ್ಮದು ದೊಡ್ಡ ಸೆಟಪ್ ಏನಲ್ಲ. ಶಿರಸಿಲಿ ಒಂದು ಲೋಕಿ ಸರ್ವರ್, ಅದಕ್ಕೆ ಲಾಗ್ ಕಳಿಸೋ ಆರು ಮಷೀನು, ಎರಡು ಶಿರಸಿಲೇ, ಉಳ್ದಿದ್ದು ಯಲ್ಲಾಪುರ, ಕುಮಟಾ, ಅಂಕೋಲಾ, ಕಾರವಾರದಲ್ಲಿ ಒಂದೊಂದು. ಎಲ್ಲದ್ರಲ್ಲೂ ಉಬುಂಟು. ಅಡಿಕೆ ಟೆಂಡರಿನ ಲೆಕ್ಕ, ತೂಕದ ಮಷೀನಿಂದ ಓದೋ ಒಂದು ಸಣ್ಣ ಪ್ರೋಗ್ರಾಂ, ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್, ಇಷ್ಟರ ಲಾಗು. ಇಷ್ಟು ವರ್ಷ ಪ್ರಾಮ್‌ಟೇಲ್ ಪಾಪ ಒಂದು ಮಾತಾಡ್ದೆ ಕೆಲ್ಸ ಮಾಡಿತ್ತು. ಆದ್ರೆ ಗ್ರಾಫಾನಾದವ್ರು 2025 ಫೆಬ್ರವರಿ 13 ಕ್ಕೆ ಅದನ್ನ ಲಾಂಗ್ ಟರ್ಮ್ ಸಪೋರ್ಟಿಗೆ ಹಾಕಿ 2026 ಮಾರ್ಚ್ 2 ಕ್ಕೆ ಎಂಡ್ ಆಫ್ ಲೈಫ್ ಅಂತ ಹೇಳಿದ್ರು, ಮುಂದಿನ ಕೆಲ್ಸ ಎಲ್ಲ 2024 ರಲ್ಲಿ ಬಂದ ಅಲಾಯ್‌ನಲ್ಲೇ. ಅಂದ್ರೆ ಇವತ್ತು ಪ್ರಾಮ್‌ಟೇಲಲ್ಲಿ ಸೆಕ್ಯುರಿಟಿ ತೂತು ಸಿಕ್ರೂ ಮುಚ್ಚೋರಿಲ್ಲ.

ಯಾವಾಗ ಮಾಡೋದು ಅನ್ನೋದೂ ನಮ್ಮ ಕಡೆ ಒಂದು ಪ್ರಶ್ನೆನೇ. ಕೊನೆಕೊಯ್ಲು ಮುಗ್ದು ಅಡಿಕೆ ಬರೋ ಟೈಮಲ್ಲಿ ಟೆಂಡರ್ ಮಷೀನ್ ಮುಟ್ಟೋಕೆ ಯಾರೂ ಬಿಡಲ್ಲ, ಜೂನ್ ಬಂತು ಅಂದ್ರೆ ಕರೆಂಟೂ ಇಲ್ಲ ಲೈನೂ ಇಲ್ಲ. 2024 ಜುಲೈಲಿ ಶಿರೂರಲ್ಲಿ ಗುಡ್ಡ ಜರ್ದು ಹೆದ್ದಾರಿ ಬಂದಾದಾಗ ಕಾರವಾರದ ಮಷೀನ್ ಹತ್ರ ಹೋಗೋಣ ಅಂದ್ರೆ ಸುತ್ತು ಹಾಕ್ಬೇಕಿತ್ತು, ಅವತ್ತೇ ಅಂದ್ಕೊಂಡೆ ದೂರದ ಮಷೀನಿನ ಇಂಥಾ ಕೆಲ್ಸ ಮಳೆಗಾಲಕ್ಕೆ ಇಟ್ಕೋಬಾರ್ದು ಅಂತ. ಉಳಿಯೋದು ಏಪ್ರಿಲ್ ಮೇ, ಆಗ ವಾರಕ್ಕೆ ಮೂರು ಮದುವೆ ಊಟ, ಆದ್ರೂ ಅದೇ ವಾಸಿ.

ಇನ್ನೊಂದು ಮಾತು, ಇಲ್ಲಿ ಕಮಾಂಡುಗಳನ್ನ ಫೋನಲ್ಲಿ ಹೇಳೋ ಹಾಗೆ ಬರೀತೀನಿ, ಕಾರವಾರದ ಹುಡುಗನಿಗೆ ನಾನು ಹೇಳಿದ್ದೂ ಹೀಗೇ. ಎಲ್ಲಿ ಡಾಟ್ ಎಲ್ಲಿ ಅಂಡರ್‌ಸ್ಕೋರ್ ಅನ್ನೋದನ್ನ ಹೆಲ್ಪ್ ಅಂತ ಕೊಟ್ಟು ನೋಡ್ಕೊಳಿ.

ಮೊದಲ ಕೆಲ್ಸ, ಏನೂ ಮುಟ್ದೆ ಪ್ರತಿ ಮಷೀನಿಗೆ ಹೋಗಿ ನಾಲ್ಕು ವಿಷಯ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳಿ. ಪ್ರಾಮ್‌ಟೇಲ್ ಕಾನ್ಫಿಗ್ ಎಲ್ಲಿದೆ, ಅದು ಯಾವ ಯೂಸರ್ ಹೆಸ್ರಲ್ಲಿ ಓಡ್ತಿದೆ, ಸಿಸ್ಟಮ್‌ಡಿ ಯೂನಿಟ್ಟಲ್ಲಿ (ಸರ್ವಿಸನ್ನ ಹೇಗೆ ಶುರು ಮಾಡ್ಬೇಕು ಅಂತ ಬರ್ದಿರೋ ಫೈಲು) ಕಮಾಂಡಿನ ಜೊತೆ ಏನೇನು ಫ್ಲ್ಯಾಗ್ ಕೊಟ್ಟಿದೀರಿ, ಮತ್ತೆ ಓದಿದ ಗುರುತು ಬರ್ದಿಡೋ ಪೊಸಿಷನ್ಸ್ ಫೈಲ್ ಎಲ್ಲಿದೆ. ಕೊನೇದು ಬಹಳ ಮುಖ್ಯ. ಸ್ಯಾಂಪಲ್ ಕಾನ್ಫಿಗ್‌ನಲ್ಲಿ ಪೊಸಿಷನ್ಸ್ ಫೈಲ್ ಇರೋದು ಟೆಂಪ್ ಫೋಲ್ಡರಲ್ಲಿ, ಎಲ್ರೂ ಅದನ್ನೇ ಕಾಪಿ ಹೊಡ್ದಿರ್ತಾರೆ, ನಮ್ಮ ಆರರಲ್ಲಿ ನಾಲ್ಕು ಹಂಗೇ ಇತ್ತು. ಟೆಂಪ್ ಅಂದ್ರೆ ಎಷ್ಟೋ ಕಡೆ ರೀಬೂಟ್ ಆದ ಕೂಡ್ಲೇ ಗುಡಿಸಿ ಹೋಗೋ ಜಾಗ. ಅಂದ್ರೆ ನವಿಲುಗರಿನ ಕಸದ ಬುಟ್ಟೀಲಿ ಇಟ್ಟಂಗೆ. ಕರೆಂಟ್ ಹೋಗಿ ಬಂದಾಗೆಲ್ಲ ಅಂಕೋಲಾದ ಲಾಗ್ ಒಂದಕ್ಕೆರಡು ಬರ್ತಿತ್ತು, ಯಾಕೆ ಅಂತ ಎರಡು ವರ್ಷ ತಲೆ ಕೆಡ್ಸ್ಕೊಂಡಿದ್ದೆ, ಈ ನೋಟ್‌ಬುಕ್ ಬರೆಯುವಾಗ ಗೊತ್ತಾಯ್ತು.

ಇನ್‌ಸ್ಟಾಲ್ ಬಗ್ಗೆ ಹೆಚ್ಚೇನಿಲ್ಲ. ಗ್ರಾಫಾನಾದ ಆಪ್ಟ್ ರೆಪೊ ಮೊದ್ಲೇ ಇದ್ರೆ ಅದರಲ್ಲೇ ಅಲಾಯ್ ಸಿಗತ್ತೆ. ಪ್ಯಾಕೇಜು ಮಾತ್ರ ಪ್ರಾಮ್‌ಟೇಲ್‌ಗಿಂತ ಎಷ್ಟೋ ದಪ್ಪ, ಯಾಕಂದ್ರೆ ಮೆಟ್ರಿಕ್ಸು ಟ್ರೇಸು ಎಲ್ಲ ಒಂದೇ ಹೊಟ್ಟೇಲಿ. ಯಲ್ಲಾಪುರದ ಲೈನಲ್ಲಿ ಇಳ್ಸೋಕೆ ಕೂತ್ರೆ ಚಾ ಅಲ್ಲ ಊಟನೇ ಮುಗಿಯತ್ತೆ, ಶಿರಸಿಲಿ ಒಂದ್ಸಲ ಇಳ್ಸಿ ರಾತ್ರಿ ಎಲ್ಲಾ ಮಷೀನಿಗೆ ಕಾಪಿ ಹಚ್ಚಿ ಮಲಗಿದ್ದೆ. ಹಾಕಿದ ಮೇಲೆ ಸರ್ವಿಸ್ ತಾನಾಗೇ ಓಡ್ತಾ ಇದ್ಯಾ ನೋಡಿ, ಓಡ್ತಿದ್ರೆ ನಿಲ್ಸಿ. ಹಾಗೇ ಅದು ಬಳಕೆಯ ಲೆಕ್ಕನ ಗ್ರಾಫಾನಾಕ್ಕೆ ಕಳಿಸ್ತಿರತ್ತೆ, ಬೇಡ ಅಂದ್ರೆ ಡಿಸೇಬಲ್ ರಿಪೋರ್ಟಿಂಗ್ ಅಂತ ಒಂದು ಫ್ಲ್ಯಾಗ್ ಇದೆ, ಇಟಿಸಿ ಡೀಫಾಲ್ಟ್ ಫೋಲ್ಡರಿನ ಅಲಾಯ್ ಫೈಲಲ್ಲಿ ಹಾಕಿ.

ಈಗ ಕನ್ವರ್ಟ್. ಅಲಾಯ್ ಕನ್ವರ್ಟ್ ಅಂತ ಕಮಾಂಡು, ಸೋರ್ಸ್ ಫಾರ್ಮ್ಯಾಟ್ ಪ್ರಾಮ್‌ಟೇಲ್ ಅಂತ ಕೊಡಿ, ಔಟ್‌ಪುಟ್ ಫೈಲಿನ ಹೆಸ್ರು ಕೊಡಿ, ರಿಪೋರ್ಟ್ ಫೈಲನ್ನೂ ಕೇಳಿ ತಗೊಳಿ. ಎರರ್ ಬಂದ್ರೆ ಬೈಪಾಸ್ ಎರರ್ಸ್ ಅಂತ ಫ್ಲ್ಯಾಗ್ ಇದೆ ಅಂತ ಗೊತ್ತಾಗತ್ತೆ, ದಯವಿಟ್ಟು ಮೊದಲ ಸಲವೇ ಅದನ್ನ ಹಾಕ್ಬೇಡಿ, ಏನು ಬಿಟ್ಟೋಯ್ತು ಅಂತ ಓದಿ ಆಮೇಲೆ ಹಾಕಿ. ಹಳೇ ಕಾನ್ಫಿಗ್ ಯಾಮಲ್ ಅನ್ನೋ ರೀತಿಯ ಬರವಣಿಗೆ, ಹೊಸದು ಬೇರೆ ಥರ. ಡಬ್ಬಿ ಡಬ್ಬಿ ಜೋಡ್ಸಿದಂಗೆ ಇರತ್ತೆ: ಲೋಕಲ್ ಫೈಲ್ ಮ್ಯಾಚ್ ಅನ್ನೋ ಡಬ್ಬಿ ಫೈಲುಗಳನ್ನ ಹುಡುಕತ್ತೆ, ಲೋಕಿ ಸೋರ್ಸ್ ಫೈಲ್ ಓದತ್ತೆ, ಲೋಕಿ ಪ್ರೋಸೆಸ್ ಅದನ್ನ ಸೋಸತ್ತೆ, ಲೋಕಿ ರೈಟ್ ಕಳಿಸತ್ತೆ. ಗದ್ದೆಗೆ ನೀರು ಬಿಡೋ ಹಾಗೆ ಒಂದರ ಬಾಯಿ ಇನ್ನೊಂದಕ್ಕೆ ಇಟ್ಟಿರ್ತಾರೆ, ಫಾರ್ವರ್ಡ್ ಟು ಅಂತ ಬರೆದಿರೋದು ಅದೇ. ಎರಡು ದಿನ ನೋಡಿದ್ರೆ ಯಾಮಲ್‌ಗಿಂತ ಇದೇ ಚಂದ ಅನ್ಸತ್ತೆ, ಸ್ಪೇಸ್ ಎಣಿಸೋ ಕರ್ಮ ಇಲ್ಲ.

ಕನ್ವರ್ಟ್ ಆಗಿದ್ದನ್ನ ಕಣ್ಣು ಮುಚ್ಚಿ ನಂಬ್ಬೇಡಿ. ಪಾಸ್‌ವರ್ಡು ಎನ್ವಿರಾನ್‌ಮೆಂಟ್ ವೇರಿಯಬಲ್ಲಿಂದ ಬರ್ತಿದ್ರೆ ಡಾಲರ್ ಬ್ರಾಕೆಟ್ ಬರವಣಿಗೆ ಅಲಾಯ್‌ಗೆ ತಿಳಿಯಲ್ಲ, ಸಿಸ್ ಎನ್ವ್ ಅನ್ನೋ ಫಂಕ್ಷನ್‌ಗೆ ಬದಲಾಯ್ಸಿ. ಲೋಕಿ ಸೋರ್ಸ್ ಫೈಲ್ ಒಳಗೆ ಲೆಗಸಿ ಪೊಸಿಷನ್ಸ್ ಫೈಲ್ ಅನ್ನೋ ಸಾಲು ಇದ್ಯಾ ನೋಡಿ, ಇಲ್ಲ ಅಂದ್ರೆ ಕೈಯಿಂದ ಹಾಕಿ, ಗುರುತು ದಾಟ್ಸೋ ಸೇತುವೆ ಅದೇ. ಆಮೇಲೆ ಟೈಮ್‌ಸ್ಟ್ಯಾಂಪ್. ನಮ್ಮ ಟೆಂಡರ್ ಲಾಗಿನ ಒಂದು ಸಾಲು ಹೀಗಿರತ್ತೆ:

2026-04-16 11:42:07 ಎರರ್ ಲಾಟ್ 217 ರಾಶಿ, ತೂಕ ಸೇವ್ ಆಗಿಲ್ಲ

ಇದರಲ್ಲಿ ಟೈಮ್‌ಝೋನ್ ಎಲ್ಲಿದೆ? ಇಲ್ಲ. ಲೊಕೇಶನ್ ಅಂತ ಏಷ್ಯಾ ಕೋಲ್ಕತಾ ಕೊಡ್ಲಿಲ್ಲ ಅಂದ್ರೆ ಅದು ಯುಟಿಸಿ ಅಂದ್ಕೊಳತ್ತೆ, ಅಂದ್ರೆ ನಮ್ಮ ಹನ್ನೊಂದೂ ನಲವತ್ತೆರಡು ಲೋಕಿ ಲೆಕ್ಕದಲ್ಲಿ ಸಂಜೆ ಐದೂ ಹನ್ನೆರಡು, ಐದೂವರೆ ತಾಸು ಮುಂದೆ. ಲೋಕಿ ಡೀಫಾಲ್ಟಾಗಿ 10 ನಿಮಿಷಕ್ಕಿಂತ ಮುಂದಿನ ಟೈಮ್ ಬಂದ್ರೆ ತಗೊಳಲ್ಲ, ವಾಪಸ್ ತಳ್ಳತ್ತೆ. ಹಳೇ ಕಾನ್ಫಿಗಲ್ಲಿ ಲೊಕೇಶನ್ ಇತ್ತು ಅಂದ್ರೆ ಕನ್ವರ್ಟಲ್ಲೂ ಬಂದಿರತ್ತೆ, ಆದ್ರೂ ಒಂದ್ಸಲ ಬೆರಳಿಟ್ಟು ನೋಡಿ. ಲೇಬಲ್ಲುಗಳನ್ನ (ಯಾವ ಮಷೀನು, ಯಾವ ಫೈಲು ಅಂತ ಲಾಗಿಗೆ ಹಚ್ಚೋ ಚೀಟಿ) ಮಾತ್ರ ಈ ಸಂದರ್ಭ ಬಳಸ್ಕೊಂಡು ಚಂದ ಮಾಡೋಕೆ ಹೋಗ್ಬೇಡಿ, ಹಳೇದು ಎಷ್ಟೇ ವಿಕಾರ ಇರ್ಲಿ ಅಕ್ಷರಕ್ಕೆ ಅಕ್ಷರ ಹಾಗೇ ಇಡಿ, ಯಾಕೆ ಅಂತ ಈಗ್ಲೇ ಹೇಳ್ತೀನಿ.

ಲೋಕಿಗೆ ಒಂದೇ ಲೇಬಲ್ ಗುಂಪಲ್ಲಿ ಅದೇ ಟೈಮ್, ಅದೇ ಸಾಲು ಎರಡನೇ ಸಲ ಬಂದ್ರೆ ಅದನ್ನ ಬಿಟ್ಟಾಕತ್ತೆ, ಡೂಪ್ಲಿಕೇಟ್ ಆಗಲ್ಲ. ತುಂಬಾ ಹಳೇದಾದ್ರೆ, ಅಂದ್ರೆ ಆ ಸ್ಟ್ರೀಮಿನ (ಅದೇ ಲೇಬಲ್ ಗುಂಪಿನ) ಹೊಸ ಸಾಲಿಗಿಂತ ಸುಮಾರು ಒಂದು ತಾಸು ಹಿಂದಿದ್ರೆ, ಬಹಳ ಹಿಂದೆ ಉಳೀತು ಅಂತ ರಿಜೆಕ್ಟೇ ಮಾಡತ್ತೆ. ಎರಡೂ ನಮಗೆ ಒಳ್ಳೇದೇ, ತಪ್ಪಿ ಎರಡು ಸಲ ಕಳ್ಸಿದ್ರೂ ರಕ್ಷಣೆ. ಆದ್ರೆ ಈ ರಕ್ಷಣೆ ಸಿಗೋದು ಟೈಮು ಲಾಗ್ ಸಾಲಿಂದಲೇ ತಗೊಂಡಿದ್ರೆ, ಲೇಬಲ್ ಒಂದಕ್ಷರನೂ ಬದಲಾಗ್ದೆ ಇದ್ರೆ ಮಾತ್ರ. ಸಾಲಿಂದ ಟೈಮ್ ಎತ್ಕೊಳೋ ಟೈಮ್‌ಸ್ಟ್ಯಾಂಪ್ ಸ್ಟೇಜ್ ಕಾನ್ಫಿಗಲ್ಲಿ ಇಲ್ದೆ ಇದ್ರೆ ಓದಿದ ಕ್ಷಣವೇ ಆ ಸಾಲಿನ ಟೈಮ್, ಆಗ ಹಳೇ ಸಾಲೂ ಹೊಚ್ಚ ಹೊಸದೇ.

ಕುಮಟಾದಲ್ಲಿ ನಾನು ಬಿದ್ದಿದ್ದು ಇಲ್ಲೇ. ಶನಿವಾರ ಸಂಜೆ ಅಲಾಯ್‌ನ ಅರ್ಧ ತಾಸು ಟೆಸ್ಟ್ ಓಡ್ಸಿದೆ, ಪ್ರಾಮ್‌ಟೇಲೂ ಓಡ್ತಿತ್ತು, ಎಲ್ಲ ಸರಿ ಇತ್ತು, ನಿಲ್ಸಿದೆ. ಮಂಗಳವಾರ ಬೆಳಿಗ್ಗೆ ಪ್ರಾಮ್‌ಟೇಲ್ ನಿಲ್ಸಿ ಅಲಾಯ್ ಶುರು ಮಾಡ್ದೆ, ಲೆಗಸಿ ಪೊಸಿಷನ್ಸ್ ಸಾಲು ಇದೆ ಅಲ್ವಾ, ಹಳೇ ಗುರುತು ತಗೊಳತ್ತೆ ಅನ್ನೋ ಧೈರ್ಯ. ತಗೊಳ್ಲಿಲ್ಲ! ಯಾಕಂದ್ರೆ ಅಲಾಯ್ ಹಳೇ ಗುರುತನ್ನ ನೋಡೋದು ತನ್ನದೇ ಪೊಸಿಷನ್ಸ್ ಫೈಲ್ ಇನ್ನೂ ಹುಟ್ಟಿಲ್ಲ ಅಂದ್ರೆ ಮಾತ್ರ, ಶನಿವಾರದ ಟೆಸ್ಟಲ್ಲಿ ಅದು ಹುಟ್ಟಿ ಕೂತಿತ್ತು. ಹಾಗಾಗಿ ಶನಿವಾರ ಸಂಜೆಯಿಂದ ಮಂಗಳವಾರದವರೆಗೆ ಬಂದಿದ್ದೆಲ್ಲ ಮತ್ತೊಂದ್ಸಲ ಕಳಿಸ್ತು. ಟೆಂಡರ್ ಲಾಗಿಗೆ ಏನೂ ಆಗ್ಲಿಲ್ಲ, ಸಾಲಿನ ಟೈಮ್ ಇತ್ತಲ್ಲ, ಲೋಕಿ ತಳ್ಳಿಬಿಡ್ತು. ತೂಕದ ಪ್ರೋಗ್ರಾಂ ಲಾಗಿಗೆ ಟೈಮ್‌ಸ್ಟ್ಯಾಂಪ್ ಸ್ಟೇಜ್ ಇರ್ಲಿಲ್ಲ, ಸೋಮವಾರ ಕೇಬಲ್ ಸಡ್ಲಾಗಿ ಬಂದಿದ್ದ ಎರರ್ರೆಲ್ಲ ಮಂಗಳವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಒಂದೇ ರಾಶಿ ಬಂದು ಅಲರ್ಟ್ ಹೊಡೀತು. ನಾನು ಕಷಾಯದ ಲೋಟ ಕೈಲಿ ಹಿಡ್ದಿದ್ದೆ, ಕುಮಟಾದಿಂದ ಫೋನು, ತೂಕದ ಮಷೀನ್ ಸತ್ತೋಗಿದೆ ಅಂತೆ ಮೆಸೇಜ್ ಬಂತು, ಆದ್ರೆ ನನ್ ಎದುರಿಗೇ ಸರಿ ತೋರಸ್ತಿದೆಯಲ್ಲ ಮಾರಾಯ ಅಂತ.

ಅದಕ್ಕೇ ಟೆಸ್ಟ್ ಮಾಡೋ ಕ್ರಮ ಹೀಗಿರ್ಲಿ. ಅಲಾಯ್ ತನ್ನ ಗುರುತುಗಳನ್ನ ಇಡೋದು ವಾರ್ ಲಿಬ್ ಒಳಗಿನ ಅಲಾಯ್ ಡೇಟಾ ಫೋಲ್ಡರಲ್ಲಿ. ಟೆಸ್ಟಿಗೆ ಸರ್ವಿಸ್ ಶುರು ಮಾಡ್ಬೇಡಿ, ಕೈಯಿಂದ ಅಲಾಯ್ ರನ್ ಕೊಟ್ಟು ಸ್ಟೋರೇಜ್ ಪಾತ್ ಅಂತ ಬೇರೆ ಫೋಲ್ಡರ್ ತೋರ್ಸಿ, ಮುಗಿದ ಮೇಲೆ ಆ ಫೋಲ್ಡರನ್ನೇ ಅಳ್ಸಿ. ಟೆಸ್ಟ್ ಕಾನ್ಫಿಗಲ್ಲಿ ಟೇಲ್ ಫ್ರಮ್ ಎಂಡ್ ಆನ್ ಮಾಡಿ, ಇಲ್ಲಾಂದ್ರೆ ಗುರುತು ಇಲ್ಲದ ಫೈಲನ್ನ ಮೊದಲ ಸಾಲಿಂದ ಓದೋದು ಅದರ ಅಭ್ಯಾಸ, ಲೆಗಸಿ ಸಾಲನ್ನೂ ಟೆಸ್ಟಲ್ಲಿ ತೆಗ್ದಿಡಿ. ಜೊತೆಗೆ ಟೆಸ್ಟಿನ ಲೋಕಿ ರೈಟ್ ಡಬ್ಬೀಲಿ ಪರೀಕ್ಷೆ ಅನ್ನೋ ಅರ್ಥದ ಒಂದು ಹೆಚ್ಚಿನ ಲೇಬಲ್ ಹಾಕಿ, ಆಗ ಲಾಗ್ ನೋಡೋ ಗ್ರಾಫಾನಾ ಪೇಜಲ್ಲಿ ಹಳೇದು ಹೊಸದು ಅಕ್ಕಪಕ್ಕ ಇಟ್ಟು ಸಾಲು ಎಣಿಸ್ಬಹುದು. ಐದು ನಿಮಿಷಕ್ಕೆ ಹಳೇದ್ರಲ್ಲಿ ಎಷ್ಟು, ಹೊಸದ್ರಲ್ಲಿ ಎಷ್ಟು, ಫೈಲ್ ಫೈಲಿಗೂ ನೋಡಿ, ಬರೀ ಟೋಟಲ್ ನೋಡಿದ್ರೆ ಒಂದು ಸಣ್ಣ ಫೈಲ್ ಬರ್ತಾನೇ ಇಲ್ಲ ಅನ್ನೋದು ಗೊತ್ತಾಗಲ್ಲ.

ಬರ್ತಾನೇ ಇಲ್ಲ ಅಂದ್ರೆ ಹೆಚ್ಚು ಸಲ ಪರ್ಮಿಶನ್ನೇ ಕಾರಣ. ಹಳೇ ಕಾಲದಲ್ಲಿ ಯಾರೋ ಪ್ರಾಮ್‌ಟೇಲ್‌ನ ರೂಟಾಗಿ ಓಡ್ಸಿರ್ತಾರೆ, ಅಲಾಯ್ ಓಡೋದು ಅಲಾಯ್ ಅನ್ನೋ ಬಡಪಾಯಿ ಯೂಸರ್ ಹೆಸ್ರಲ್ಲಿ. ಎಡಿಎಂ ಗ್ರೂಪಿಗೂ ಸಿಸ್ಟಮ್‌ಡಿ ಜರ್ನಲ್ ಗ್ರೂಪಿಗೂ ಸೇರ್ಸಿ, ಆಮೇಲೆ ಸುಡೋ ಕೊಟ್ಟು ಅಲಾಯ್ ಯೂಸರಾಗಿ ಪ್ರತಿ ಫೈಲಿನ ಮೊದಲ ಸಾಲು ಹೆಡ್ ಹೊಡ್ದು ನೋಡಿ, ಓದೋಕೆ ಬಂದ್ರೆ ಸರಿ. ಟೆಸ್ಟ್ ಓಡ್ಸೋದೂ ಅದೇ ಯೂಸರ್ ಹೆಸ್ರಲ್ಲೇ ಇರ್ಲಿ, ನೀವು ರೂಟಾಗಿ ಓಡ್ಸಿ ಎಲ್ಲ ಸರಿ ಅಂದ್ಕೊಂಡ್ರೆ ಸರ್ವಿಸ್ ಶುರು ಆದಾಗ ಬಾಯಿ ಬಿಡ್ತೀರಿ. ಅಲಾಯ್‌ಗೆ ಒಂದು ವೆಬ್ ಪೇಜೂ ಇದೆ, ಪೋರ್ಟ್ 12345, ಡೀಫಾಲ್ಟಾಗಿ ಆ ಮಷೀನಿನ ಒಳಗಿಂದ ಮಾತ್ರ ಕಾಣತ್ತೆ, ಎಸ್‌ಎಸ್‌ಎಚ್ ಟನಲ್ ಹಾಕಿ ಮನೆಯಿಂದ್ಲೇ ನೋಡಿ, ಹೊರಗೆ ತೆರೀಬೇಡಿ. ಡಬ್ಬಿಗಳ ಚಿತ್ರ ಬರತ್ತೆ, ಯಾವುದು ಕೆಂಪಾಗಿದೆ ಅಂತ ಗೊತ್ತಾಗತ್ತೆ.

ದಾಟ್ಸೋ ದಿನದ ಕೆಲ್ಸ ಐದು ನಿಮಿಷದ್ದು, ಆದ್ರೆ ಕ್ರಮ ತಪ್ಪಬಾರ್ದು. ಪ್ರಾಮ್‌ಟೇಲನ್ನ ಮರ್ಯಾದೆಯಿಂದ ನಿಲ್ಸಿ, ಕಿಲ್ ಮೈನಸ್ ನೈನ್ ಬೇಡ, ಅದು ಗುರುತನ್ನ ಫೈಲಿಗೆ ಬರೆಯೋದು 10 ಸೆಕೆಂಡಿಗೆ ಒಂದ್ಸಲ, ನೆಟ್ಟಗೆ ನಿಲ್ಸಿದ್ರೆ ಕೊನೇ ಗುರುತು ಬರ್ದು ಹೋಗತ್ತೆ. ನಿಲ್ಸಿದ ಮೇಲೆ ಡಿಸೇಬಲ್ಲೂ ಮಾಡಿ, ಬರೀ ಸ್ಟಾಪ್ ಮಾಡಿ ಬಿಟ್ರೆ ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟು ಮಷೀನ್ ಎದ್ದಾಗ ಸತ್ತವನೂ ಎದ್ದು ಬರ್ತಾನೆ, ಟೆಂಪಲ್ಲಿದ್ದ ಗುರುತೂ ಇರಲ್ಲ, ಎಲ್ಲಾ ಫೈಲು ಮೊದಲಿಂದ. ಆಮೇಲೆ ಹಳೇ ಪೊಸಿಷನ್ಸ್ ಫೈಲನ್ನ ಇಟಿಸಿ ಅಲಾಯ್ ಫೋಲ್ಡರಿಗೆ ಕಾಪಿ ಮಾಡಿ, ಓನರ್ ಅಲಾಯ್ ಮಾಡಿ. ಇದನ್ನ ಮರೀಬೇಡಿ, ಆ ಫೈಲಿನ ಪರ್ಮಿಶನ್ 0600, ಬರೆದವನು ಬಿಟ್ರೆ ಬೇರೆ ಯಾರಿಗೂ ಓದೋಕೆ ಬರಲ್ಲ. ಕಾನ್ಫಿಗಿನ ಲೆಗಸಿ ಸಾಲಲ್ಲಿ ಈ ಹೊಸ ಜಾಗ ಕೊಡಿ. ಅಲಾಯ್ ಡೇಟಾ ಫೋಲ್ಡರ್ ಒಳಗೆ ಲೋಕಿ ಸೋರ್ಸ್ ಫೈಲ್ ಹೆಸರಿನ ಫೋಲ್ಡರ್ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಸರ್ವಿಸ್ ಶುರು ಮಾಡಿ, ಎನೇಬಲ್ ಮಾಡಿ. ಒಂದು ನಿಮಿಷ ಬಿಟ್ಟು ಆ ಫೋಲ್ಡರ್ ಒಳಗಿನ ಹೊಸ ಪೊಸಿಷನ್ಸ್ ಫೈಲ್ ತೆಗ್ದು ನೋಡಿ, ನಂಬರುಗಳು ಹಳೇದಕ್ಕಿಂತ ಸ್ವಲ್ಪ ಮುಂದಿದ್ರೆ ಗೆದ್ರಿ. ಮುಂದೆ ಯಾವತ್ತಾದ್ರೂ ಆ ಡಬ್ಬಿಗೆ ಕೊಟ್ಟ ಹೆಸ್ರು ಬದಲಾಯ್ಸಿದ್ರೆ ಫೋಲ್ಡರಿನ ಹೆಸ್ರೂ ಬದಲಾಗಿ ಗುರುತು ಹೋಗತ್ತೆ, ಹಾಗಾಗಿ ಮೊದ್ಲೇ ಒಂದು ಒಳ್ಳೇ ಹೆಸ್ರು ಇಟ್ಬಿಡಿ.

ಜರ್ನಲ್ (ಸಿಸ್ಟಮ್‌ಡಿ ತಾನೇ ಇಡೋ ಲಾಗು) ಓದ್ತಿದ್ರೆ ಅದಕ್ಕೆ ಬೇರೆ ಡಬ್ಬಿ, ಗುರುತಿಲ್ಲ ಅಂದ್ರೆ ಡೀಫಾಲ್ಟ್ 7 ತಾಸು ಹಿಂದಿನಿಂದ ಓದತ್ತೆ, ಜರ್ನಲ್ ಸಾಲಿಗೆ ತನ್ನದೇ ಟೈಮ್ ಇರೋದ್ರಿಂದ ಹಾನಿ ಇಲ್ಲ, ಆದ್ರೆ ಅಲಾಯ್ ಲಾಗಲ್ಲಿ 400 ಅನ್ನೋ ನಂಬರಿನ ಎರರ್ (ಲೋಕಿ ತಗೊಳ್ಲಿಲ್ಲ ಅಂತ) ರಾಶಿ ಕಂಡು ಗಾಬರಿ ಆಗ್ಬೇಡಿ. ಬೇಡ ಅನ್ಸಿದ್ರೆ ಮ್ಯಾಕ್ಸ್ ಏಜ್ ಕಮ್ಮಿ ಮಾಡಿ.

ಈಗ ನಮ್ಮೂರಿಗೆ ಬಹಳ ಬೇಕಾದ ವಿಷಯ, ಲೈನ್ ಹೋದಾಗ ಏನಾಗತ್ತೆ. ಲೋಕಿ ಸಿಗ್ಲಿಲ್ಲ ಅಂದ್ರೆ ಪ್ರಾಮ್‌ಟೇಲ್ ಆಗ್ಲಿ ಅಲಾಯ್ ಆಗ್ಲಿ ಕಾಯ್ತಾ ಕಾಯ್ತಾ ಮತ್ತೆ ಮತ್ತೆ ಕಳ್ಸಿ ನೋಡತ್ವೆ, ಅರ್ಧ ಸೆಕೆಂಡ್, ಒಂದು, ಎರಡು, ನಾಲ್ಕು, ಹೀಗೆ ಡಬಲ್ ಆಗ್ತಾ 256 ಸೆಕೆಂಡ್‌ವರೆಗೆ, ಡೀಫಾಲ್ಟ್ 10 ಸಲ. ಎಲ್ಲ ಕೂಡಿದ್ರೆ 511.5 ಸೆಕೆಂಡ್, ಎಂಟೂವರೆ ನಿಮಿಷ. ಅಷ್ಟರಲ್ಲಿ ಲೋಕಿ ಸಿಗ್ಲಿಲ್ಲ ಅಂದ್ರೆ ಆ ಕಂತೆನ ಬಿಸಾಕಿ ಮುಂದಕ್ಕೆ ಹೋಗತ್ತೆ. ಬೆಂಗಳೂರಿನ ಡೇಟಾ ಸೆಂಟರಲ್ಲಿ ಕೂತವ್ರಿಗೆ ಎಂಟೂವರೆ ನಿಮಿಷ ಅಂದ್ರೆ ದೊಡ್ಡ ಕಥೆ ಇರ್ಬಹುದು, ಶಿರಸಿ ಕುಮಟಾ ಮಧ್ಯದ ದೇವಿಮನೆ ಘಾಟಿಲಿ ಮರ ಬಿದ್ದು ಕೇಬಲ್ ಹರೀತು ಅಂದ್ರೆ ನಮಗೆ ಎಂಟೂವರೆ ತಾಸೂ ಸಾಲಲ್ಲ. ಹಾಗಾಗಿ ಲೋಕಿ ರೈಟ್‌ನ ಎಂಡ್‌ಪಾಯಿಂಟಲ್ಲಿ ಮ್ಯಾಕ್ಸ್ ಬ್ಯಾಕಾಫ್ ರೀಟ್ರೈಸ್ ಅಂತ ಇದೆಯಲ್ಲ ಅದನ್ನ ಏರ್ಸಿ. ಒಂದು ಕಾಯೋದು 5 ನಿಮಿಷ ದಾಟಲ್ಲ ಅನ್ನೋ ಮಿತಿ ಇರೋದ್ರಿಂದ ಹತ್ತರ ಆಚೆ ಪ್ರತಿ ಒಂದಕ್ಕೂ 5 ನಿಮಿಷ ಸೇರತ್ತೆ, 100 ಅಂತ ಇಟ್ರೆ ಏಳೂವರೆ ತಾಸಿನ ಮೇಲೆ. ನಾನು ಘಾಟಿ ಕೆಳಗಿನ ಮೂರು ಮಷೀನಿಗೆ 300 ಇಟ್ಟಿದೀನಿ, ಒಂದು ದಿನ ಸಾಕು.

ಇದಕ್ಕೆ ಒಂದು ಬೆಲೆ ಇದೆ. ಕಾಯ್ತಾ ಇರೋವಾಗ ಮುಂದಿನ ಓದೂ ಹೆಚ್ಚುಕಮ್ಮಿ ನಿಂತಿರತ್ತೆ, ಆ ಮಧ್ಯೆ ಹಳೇ ಲಾಗ್ ಪಕ್ಕಕ್ಕಿಡೋ ಲಾಗ್‌ರೊಟೇಟ್ ಬಂದು ಕಾಪಿ ಟ್ರಂಕೇಟ್ (ಕಾಪಿ ತೆಗ್ದು ಮೂಲ ಫೈಲ್ ಖಾಲಿ ಮಾಡೋದು) ಮಾಡಿದ್ರೆ ಓದದೇ ಇದ್ದಿದ್ದು ಖಾಲಿ. ಕಾಪಿ ಟ್ರಂಕೇಟ್ ತೆಗ್ದು ಹೆಸರು ಬದಲಾಯ್ಸೋ ರೀತಿಗೆ ಹಾಕಿ. ಮತ್ತೆ ತೂಕದ ಪ್ರೋಗ್ರಾಂ ಥರ ಟೈಮ್‌ಸ್ಟ್ಯಾಂಪ್ ಸ್ಟೇಜ್ ಇಲ್ಲದ್ದಕ್ಕೆಲ್ಲ ಒಂದು ಸ್ಟೇಜ್ ಬರೀರಿ, ಇಲ್ಲಾಂದ್ರೆ ಲೈನ್ ಬಂದ ಕ್ಷಣಕ್ಕೇ ಇಡೀ ರಾತ್ರಿಯ ಲಾಗು ನಡೆದಂಗೆ ಕಾಣತ್ತೆ. ಇದನ್ನ ದಾಟಿದ ಒಂದೆರಡು ದಿನ ಆದ್ಮೇಲೆ ಮಾಡಿ, ಅದೇ ದಿನ ಅಲ್ಲ, ಏನಾದ್ರೂ ಕೆಟ್ರೆ ಯಾವುದರಿಂದ ಅಂತ ಗೊತ್ತಾಗ್ಬೇಕಲ್ಲ.

ಎಲ್ರೂ ಮರೆಯೋದು ಅಲರ್ಟು. ಪ್ರಾಮ್‌ಟೇಲ್ ಎಷ್ಟು ಕಳಿಸ್ತು ಎಷ್ಟು ಬಿಸಾಕ್ತು ಅನ್ನೋ ಮೆಟ್ರಿಕ್ಕುಗಳ ಹೆಸ್ರು ಪ್ರಾಮ್‌ಟೇಲ್ ಅಂತ ಶುರು ಆಗತ್ತೆ, ಅಲಾಯ್‌ನಲ್ಲಿ ಅವೇ ಲೋಕಿ ರೈಟ್ ಅಂತ ಶುರು ಆಗತ್ವೆ, ಪೋರ್ಟೂ 9080 ಅಲ್ಲ. ಹಳೇ ಅಲರ್ಟ್ ಹಾಗೇ ಬಿಟ್ರೆ ಅದು ಕೂಗಲ್ಲ, ಯಾಕಂದ್ರೆ ಆ ಹೆಸ್ರಿನ ಡೇಟಾನೇ ಇಲ್ಲ, ಎಲ್ಲ ಸೌಖ್ಯ ಅಂದ್ಕೊಂಡು ಕೂತಿರ್ತೀವಿ. ಡ್ರಾಪ್ಡ್ ಎಂಟ್ರೀಸ್ ಅನ್ನೋದರ ಮೇಲೆ ಒಂದು ಅಲರ್ಟು, ಸೆಂಟ್ ಎಂಟ್ರೀಸ್ ಹದಿನೈದು ನಿಮಿಷ ಏರ್ಲೇ ಇಲ್ಲ ಅಂದ್ರೆ ಇನ್ನೊಂದು, ಇಷ್ಟಾದ್ರೂ ಮೊದಲ ದಿನವೇ ಹಾಕಿ. ಹಾಕಿ ಸುಮ್ನಿರ್ಬೇಡಿ, ಕೂಗತ್ತಾ ಅಂತ ನೋಡೋಕೆ ಟೆಂಡರ್ ಇಲ್ಲದ ಹೊತ್ತಲ್ಲಿ ಇಪ್ಪತ್ತು ನಿಮಿಷ ಶಿರಸಿಯ ಲೋಕಿ ಪೋರ್ಟ್ 3100 ನ ಫೈರ್‌ವಾಲಲ್ಲಿ ಮುಚ್ಚಿ ನೋಡಿ.

ಆರು ಮಷೀನನ್ನ ಒಂದೇ ದಿನ ಮಾಡ್ಬೇಡಿ, ಕೈಗೆ ಸಿಗೋ ಶಿರಸಿದು ಮೊದ್ಲು, ಕಾರವಾರ ಕೊನೇಗೆ. ಪ್ರಾಮ್‌ಟೇಲ್ ಪ್ಯಾಕೇಜನ್ನ ಒಂದು ವಾರ ಡಿಸೇಬಲ್ ಆಗೇ ಇಟ್ಟಿರಿ, ವಾಪಸ್ ಹೋಗ್ಬೇಕಾದ್ರೆ ಅಲಾಯ್ ನಿಲ್ಸಿ ಹಳೇದನ್ನ ಶುರು ಮಾಡೋದಷ್ಟೇ, ಮಧ್ಯೆ ರೀಬೂಟ್ ಆಗಿ ಟೆಂಪ್ ಗುಡಿಸಿ ಹೋಗಿಲ್ಲ ಅಂದ್ರೆ ಅದರ ಗುರುತು ನಿಂತಲ್ಲೇ ಇರತ್ತೆ, ನಡುವಿನದ್ದು ಇನ್ನೊಂದ್ಸಲ ಹೋಗತ್ತೆ ಅಷ್ಟೇ. ವಾರ ಕಳೆದ ಮೇಲೆ ಪ್ಯಾಕೇಜ್ ತೆಗೀರಿ, ಟೆಂಪಲ್ಲಿರೋ ಪೊಸಿಷನ್ಸ್ ಫೈಲು, ಫೈರ್‌ವಾಲಲ್ಲಿ 9080 ಕ್ಕೆ ತೆರೆದ ತೂತು, ಎಲ್ಲ. ಕಾರವಾರದಲ್ಲಿ ನಾನಿನ್ನೂ ತೆಗ್ದಿಲ್ಲ, ಬರೋ ಶನಿವಾರ ಆ ಕಡೆ ಒಂದು ಉಪನಯನ ಇದೆ, ಹೋದಾಗ ಯುಪಿಎಸ್ ಬ್ಯಾಟ್ರಿನೂ ನೋಡ್ಕೊಂಡು ಬರ್ಬೇಕು.